ಮಂಗಳೂರು ಬಂದರಿನ ಕಾವಲು: ಸುಲ್ತಾನ್ ಬತ್ತೇರಿಯಿಂದ ರೇಡಾರ್‌ವರೆಗೆ

ಮಂಗಳೂರು ಬಂದರು ಮೈಸೂರು ರಾಜ್ಯದ ಕೈಗೆ ಬಂದದ್ದು 1763ರಲ್ಲಿ. ಆ ವರ್ಷ ಹೈದರಾಲಿ ಬಿದನೂರನ್ನು ಗೆದ್ದ. ಕೆಳದಿ ಅರಸರ ಕರಾವಳಿಯೂ ಅದರೊಂದಿಗೆ ಅವನದಾಯಿತು. ಹೈದರ್ ಸಮುದ್ರದ ಊರಿನವನಲ್ಲ. ಅವನು ಹುಟ್ಟಿದ್ದು ಇಂದಿನ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದನ ಸಮಾಧಿ ಕೋಲಾರ ಪಟ್ಟಣದ ಮಕ್ಬರಾದಲ್ಲಿದೆ. ಕೆರೆ, ಬಂಡೆ, ಬಯಲುಗಳ ಸೀಮೆಯಿಂದ ಬಂದ ಈ ದಂಡನಾಯಕ ಬಂದರಿನ ಬೆಲೆಯನ್ನು ಬೇಗನೆ ಅರಿತ. ಮೆಣಸು, ಗಂಧ, ಅಕ್ಕಿ ಹೊರಹೋಗುವುದೂ ದಂಡಿಗೆ ಬೇಕಾದ ಕುದುರೆ, ಮದ್ದುಗುಂಡು ಒಳಬರುವುದೂ ಅದೇ ಬಾಗಿಲಿನಿಂದ. ಮಂಗಳೂರಿನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಅವನು ಚಾಲನೆ ಕೊಟ್ಟ.

ಆಗಿನ ಬಂದರು ಇದ್ದದ್ದು ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಯ ಒಳಗೆ. ಅಳಿವೆಬಾಗಿಲಿನಲ್ಲಿ ಮರಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಬೇಕಿತ್ತು. ಸರಕನ್ನು ಸಣ್ಣ ದೋಣಿಗಳಲ್ಲಿ ಒಳಗೆ ತರುತ್ತಿದ್ದರು. ಇಂಥ ಬಂದರಿಗೆ ಮರಳದಿಬ್ಬವೇ ಅರ್ಧ ಕೋಟೆ. ಉಳಿದರ್ಧವನ್ನು ಮನುಷ್ಯರು ಕಾಯಬೇಕು. ಆ ಭಾಗದಲ್ಲೇ ಮೊದಲ ಸೋಲು ಸಂಭವಿಸಿತು.

1768ರ ಪಾಠ

ಒಂದನೆಯ ಆಂಗ್ಲೋ-ಮೈಸೂರು ಯುದ್ಧ ನಡೆಯುತ್ತಿದ್ದಾಗ, 1768ರ ಆರಂಭದಲ್ಲಿ, ಮುಂಬೈಯಿಂದ ಬಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮಂಗಳೂರನ್ನು ಮುತ್ತಿದವು. ಹೈದರನ ನೌಕಾಪಡೆಯ ಮುಖ್ಯಸ್ಥನಾಗಿದ್ದವನು ಲುತ್ಫ್ ಅಲಿ ಬೇಗ್ ಎಂಬ ಕುದುರೆಪಡೆಯ ಅಧಿಕಾರಿ. ಕಡಲು ಬಲ್ಲ ಹಡಗುನಾಯಕರಿಗೆ ಅವನ ಕೈಕೆಳಗೆ ಇರುವುದು ಸಹ್ಯವಾಗಲಿಲ್ಲ. ಶತ್ರು ಕಂಡಾಗ ಕಾದುವ ಬದಲು ಹಲವರು ಹಡಗುಗಳ ಸಮೇತ ಕಂಪನಿಯ ಕಡೆ ಸೇರಿದರು. ಬಂದರು ಕೈತಪ್ಪಿತು. ಕಾಯಲು ಹಡಗುಗಳಿದ್ದವು, ಬಂದವರು ಕಣ್ಣಿಗೂ ಕಂಡರು. ಆದರೆ ಕಂಡವರಿಗೂ ಆಜ್ಞೆ ಕೊಡುವವರಿಗೂ ನಡುವೆ ನಂಬಿಕೆ ಇರಲಿಲ್ಲ.

ಹೈದರ್ ಪಶ್ಚಿಮಕ್ಕೆ ಧಾವಿಸಿ ಮೇ ತಿಂಗಳಲ್ಲಿ ಮಂಗಳೂರನ್ನು ಮರಳಿ ಪಡೆದ. ಇದಕ್ಕೆ ತೆತ್ತ ಬೆಲೆ ಕೋಲಾರದ ಸೀಮೆಯಲ್ಲಿ ಗೊತ್ತಾಯಿತು. ಅವನು ಕರಾವಳಿಯಲ್ಲಿದ್ದ ಅವಧಿಯಲ್ಲಿ ಮದರಾಸಿನ ಕಂಪನಿ ಸೈನ್ಯ ಮುಳಬಾಗಿಲು, ಕೋಲಾರಗಳನ್ನು ಹಿಡಿಯಿತು. ಹಿಂದಿರುಗಿದ ಹೈದರ್ ಮುಳಬಾಗಿಲಿನ ಕೋಟೆಯನ್ನು ವಶಪಡಿಸಿಕೊಂಡ. ಅದನ್ನು ಬಿಡಿಸಿಕೊಳ್ಳಲು ಬಂದ ಕರ್ನಲ್ ವುಡ್‌ನ ಪಡೆಗೂ ಹೈದರನ ಸೈನ್ಯಕ್ಕೂ 1768ರ ಅಕ್ಟೋಬರ್ 4ರಂದು ಊರಿನ ಬಂಡೆಗಳ ನಡುವೆ ಕದನವಾಯಿತು. ವುಡ್‌ನ ಪಡೆ ಸೋಲುವ ಹಂತದಲ್ಲಿದ್ದಾಗ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ಎರಡು ತೋಪುಗಳನ್ನೂ ಬಂಡೆಯ ನೆತ್ತಿಗೆ ಏರಿಸಿ ಗುಂಡು ಹಾರಿಸಿದ. ‘ಸ್ಮಿತ್, ಸ್ಮಿತ್’ ಎಂದು ಎಲ್ಲರಿಂದ ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಪಡೆ ಬಂದೇಬಿಟ್ಟಿತೆಂದು ಹೈದರನ ಸೈನಿಕರು ಹಿಂಜರಿದರು. ವುಡ್‌ನ ಪಡೆಗೆ ಚೇತರಿಸಿಕೊಳ್ಳಲು ಅಷ್ಟು ಹೊತ್ತು ಸಾಕಾಯಿತು. ಒಂದೇ ವರ್ಷದಲ್ಲಿ ಮೈಸೂರು ರಾಜ್ಯ ಎರಡು ಬಾರಿ ಪೆಟ್ಟು ತಿಂದಿತು: ಮಂಗಳೂರಿನಲ್ಲಿ ಒಡಕಿನಿಂದ, ಮುಳಬಾಗಿಲಿನಲ್ಲಿ ಸುಳ್ಳು ಸುದ್ದಿಯಿಂದ. ಬಂದರಿನ ಕಾವಲಿಗೆ ಈ ಎರಡೂ ಇಂದಿಗೂ ಮುಖ್ಯ ಶತ್ರುಗಳು.

ಕರಿಕಲ್ಲಿನ ಬುರುಜು

1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ಬ್ರಿಟಿಷ್ ನೌಕಾಪಡೆ ಮಂಗಳೂರಿನೆದುರು ಹೈದರನ ಹಡಗುಗಳನ್ನು ನಾಶಮಾಡಿತು. ಎರಡನೆಯ ಯುದ್ಧದ ಕೊನೆಯಲ್ಲಿ ಮಂಗಳೂರು ಕೋಟೆ ದೀರ್ಘ ಮುತ್ತಿಗೆ ಕಂಡಿತು. 1784ರ ಮಾರ್ಚ್ 11ರಂದು ಸಹಿಯಾದ ಒಪ್ಪಂದಕ್ಕೂ ಈ ಊರಿನದೇ ಹೆಸರು ಬಂತು. ಅದೇ ವರ್ಷ ಟಿಪ್ಪು ಸುಲ್ತಾನ್ ಬೋಳೂರಿನಲ್ಲಿ, ಗುರುಪುರ ನದಿಯ ದಂಡೆಯ ಮೇಲೆ, ಕರಿಕಲ್ಲಿನ ಕಾವಲು ಬುರುಜು ಕಟ್ಟಿಸಿದ. ಅದೇ ಸುಲ್ತಾನ್ ಬತ್ತೇರಿ. ಯುದ್ಧದ ಹಡಗುಗಳು ನದಿಯೊಳಗೆ ನುಸುಳದಂತೆ ತಡೆಯುವುದು ಅದರ ಕೆಲಸ. ಸುತ್ತಲೂ ತೋಪು ಹೊರಚಾಚುವ ಕಂಡಿಗಳು, ನೆಲದಡಿಯಲ್ಲಿ ಮದ್ದಿನ ಕೋಣೆ, ಮೇಲೆ ಏರಿ ನೋಡಲು ಮೆಟ್ಟಿಲು. ಕಣ್ಣು ಮತ್ತು ಕೈ ಎರಡೂ ಒಂದೇ ಕಟ್ಟಡದಲ್ಲಿದ್ದವು.

ಇಂಥ ಬುರುಜಿಗೆ ಇದ್ದ ಮಿತಿ ಭೂಮಿಯ ದುಂಡಗಿನ ಆಕಾರದ್ದು. ನೀರಿನ ಮಟ್ಟದಿಂದ 9 ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಸುಮಾರು 11 ಕಿಲೋಮೀಟರ್ ದೂರ. ಅದನ್ನು ಎರಡರಷ್ಟು ಮಾಡಬೇಕಾದರೆ ಎತ್ತರವನ್ನು ನಾಲ್ಕರಷ್ಟು ಮಾಡಬೇಕು: 36 ಮೀಟರ್ ಏರಿದರೆ ಸುಮಾರು 21 ಕಿಲೋಮೀಟರ್. ಕತ್ತಲೆಯಲ್ಲಿ, ಮಂಜಿನಲ್ಲಿ, ಆಷಾಢದ ಮಳೆಯಲ್ಲಿ ಅದೂ ಇಲ್ಲ. ಟಿಪ್ಪು 1796ರಲ್ಲಿ ಹೊಸ ನೌಕಾ ಮಂಡಳಿಯನ್ನು ಸ್ಥಾಪಿಸಿ ಹತ್ತಾರು ಯುದ್ಧನೌಕೆಗಳನ್ನು ಕಟ್ಟಿಸುವ ಯೋಜನೆ ಹಾಕಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಅಲ್ಲಿಗೇ ನಿಂತಿತು.

ಬ್ರಿಟಿಷರ ಕಾಲದಲ್ಲಿ ಸಮುದ್ರದ ಮೇಲೆ ಅವರಿಗೆ ಎದುರಾಳಿ ಇಲ್ಲದ್ದರಿಂದ ಮಂಗಳೂರು ಬಂದರಿನ ಕಾವಲು ಬಹುಮಟ್ಟಿಗೆ ಸುಂಕದ ಕಟ್ಟೆಯ ಕೆಲಸವಾಯಿತು. ಹಂಚು, ಕಾಫಿ, ಗೋಡಂಬಿಗಳ ಲೆಕ್ಕ ಇಡುವುದು ಮತ್ತು ದೀಪಸ್ತಂಭಗಳನ್ನು ನೋಡಿಕೊಳ್ಳುವುದು ಅದರ ಮುಖ್ಯ ಭಾಗವಾಗಿತ್ತು.

ಪಣಂಬೂರಿನ ಹೊಸ ಬಂದರು

ಮಳೆಗಾಲದಲ್ಲೂ ತೆರೆದಿರುವ ಆಳದ ಬಂದರು ಬೇಕೆಂಬ ಕರಾವಳಿಯ ಬೇಡಿಕೆ ಸ್ವಾತಂತ್ರ್ಯಾನಂತರ ಈಡೇರಿತು. ಹಳೆಯ ಬಂದರಿನ ಉತ್ತರಕ್ಕೆ, ಪಣಂಬೂರಿನಲ್ಲಿ, 1962ರಲ್ಲಿ ಕೆಲಸ ಶುರುವಾಯಿತು. ದಡದ ನೆಲವನ್ನೇ ಅಗೆದು ಕೃತಕ ಕೊಳ ನಿರ್ಮಿಸಿ, ಎರಡು ಅಲೆತಡೆಗೋಡೆಗಳ ನಡುವಿನಿಂದ ಸಮುದ್ರಕ್ಕೆ ಕಾಲುವೆ ತೋಡಲಾಯಿತು. 1974ರ ಮೇ 4ರಂದು ನವ ಮಂಗಳೂರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು.

ಕುದುರೆಮುಖದ ಅದಿರು, ರಸಗೊಬ್ಬರ, ಕಲ್ಲಿದ್ದಲು, ಅಡುಗೆ ಅನಿಲ, ಕಚ್ಚಾ ತೈಲ ಒಂದರ ಹಿಂದೊಂದು ಬಂದವು. 1996ರಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ ಕೆಲಸ ಆರಂಭಿಸಿತು. ಮುಂದೆ ಅತಿ ದೊಡ್ಡ ತೈಲ ಹಡಗುಗಳಿಗಾಗಿ ಬಂದರಿನ ಹೊರಗೆ, ಆಳ ನೀರಿನಲ್ಲಿ, ತೇಲುವ ಬೋಯಿಯೊಂದನ್ನು ಕಟ್ಟಿ ಅಲ್ಲಿಂದ ಸಮುದ್ರತಳದ ಕೊಳವೆಯಲ್ಲಿ ತೈಲ ಇಳಿಸುವ ಏರ್ಪಾಡಾಯಿತು. ಬಂಡೆ ಕೊರೆದು ಮಾಡಿದ ನೆಲದಡಿಯ ತೈಲ ಸಂಗ್ರಹಾಗಾರವೂ ಬಂತು. 15 ಲಕ್ಷ ಟನ್ ಹಿಡಿಯುವ ಈ ಮಂಗಳೂರು ಸಂಗ್ರಹಾಗಾರಕ್ಕೆ ಅಬುಧಾಬಿಯ ಕಚ್ಚಾ ತೈಲ 2018ರಲ್ಲಿ ಬಂದಿಳಿಯಿತು.

ಇದರಿಂದ ಕಾವಲಿನ ಸ್ವರೂಪವೇ ಬದಲಾಯಿತು. ಬಂದರಿನ ಒಳಾವರಣಕ್ಕೆ ಗೋಡೆಯಿದೆ, ದ್ವಾರವಿದೆ, ಪಾಸು ತಪಾಸಣೆ ಇದೆ. ಅದನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಕಾಯುತ್ತದೆ. ಹೊರಗಿನ ಸಮುದ್ರಕ್ಕೆ ಗೋಡೆಯಿಲ್ಲ. ತೈಲ ಹಡಗು ಬರುವ ನೀರಿನಲ್ಲೇ ನಾಡದೋಣಿ, ಟ್ರಾಲ್‌ಬೋಟ್, ಪರ್ಸೀನ್ ಬೋಟ್‌ಗಳು ದುಡಿಯುತ್ತವೆ. ಆ ನೀರು ಮೊಗವೀರ, ಖಾರ್ವಿ ಮುಂತಾದ ಸಮುದಾಯಗಳ ಬದುಕು. ಅವರನ್ನು ಓಡಿಸಿ ಬಂದರು ಕಾಯುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಕಳ್ಳಸಾಗಣೆಯಿಂದ ಕೋಸ್ಟ್ ಗಾರ್ಡ್‌ವರೆಗೆ

1960 ಮತ್ತು 70ರ ದಶಕಗಳಲ್ಲಿ ಪಶ್ಚಿಮ ಕರಾವಳಿಯ ಮುಖ್ಯ ತಲೆನೋವು ಚಿನ್ನದ ಕಳ್ಳಸಾಗಣೆ. ಕೋಲಾರದ ಗಣಿಗಳು ಕೊಡುತ್ತಿದ್ದ ಚಿನ್ನ ದೇಶದ ಆಸೆಗೆ ಏನೇನೂ ಸಾಲುತ್ತಿರಲಿಲ್ಲ. ಚಿನ್ನ ನಿಯಂತ್ರಣ ಕಾನೂನು ಬಿಗಿಯಾದಷ್ಟೂ ಕೊಲ್ಲಿ ರಾಷ್ಟ್ರಗಳಿಂದ ಹಾಯಿಹಡಗುಗಳಲ್ಲಿ ಬರುವ ಚಿನ್ನಕ್ಕೆ ಗಿರಾಕಿ ಹೆಚ್ಚಿತು. ಸುಂಕ ಇಲಾಖೆಯ ಕೆಲವೇ ದೋಣಿಗಳಿಂದ ಇದನ್ನು ತಡೆಯಲಾಗದು, ನೌಕಾಪಡೆಯನ್ನು ಇದಕ್ಕೆ ಬಳಸುವುದೂ ಸರಿಯಲ್ಲ ಎಂಬ ತಿಳಿವಿನಿಂದ 1974ರಲ್ಲಿ ಕೆ.ಎಫ್. ರುಸ್ತಮ್‌ಜಿ ಸಮಿತಿ ನೇಮಕವಾಯಿತು. ಅದರ ಶಿಫಾರಸಿನಂತೆ 1977ರ ಫೆಬ್ರವರಿ 1ರಂದು ಕೋಸ್ಟ್ ಗಾರ್ಡ್ ಮಧ್ಯಂತರ ರೂಪದಲ್ಲಿ ಆರಂಭವಾಗಿ, 1978ರ ಆಗಸ್ಟ್‌ನಲ್ಲಿ ಕಾನೂನಿನ ಬಲ ಪಡೆಯಿತು. ಕರ್ನಾಟಕದಲ್ಲಿ ಅದರ ಮುಖ್ಯ ನೆಲೆ ಪಣಂಬೂರು.

1993ರ ಮುಂಬೈ ಸ್ಫೋಟಗಳಿಗೆ ಬಳಸಿದ ಆರ್‌ಡಿಎಕ್ಸ್ ಇಳಿದದ್ದು ರಾಯಗಡ ಜಿಲ್ಲೆಯ ಶೇಖಾಡಿ ಕಡಲತೀರದಲ್ಲಿ. ಚಿನ್ನ ಬಂದ ದಾರಿಯಲ್ಲೇ ಸಾವೂ ಬಂತು. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ‘ಆಪರೇಷನ್ ಸ್ವಾನ್’ ಎಂಬ ಜಂಟಿ ಗಸ್ತು ಶುರುವಾಯಿತು. ಕಾರ್ಗಿಲ್ ಯುದ್ಧದ ನಂತರದ ಸಚಿವರ ತಂಡ ಕರಾವಳಿ ಪೊಲೀಸ್ ವ್ಯವಸ್ಥೆ ಬೇಕೆಂದಿತು. 2005ರಲ್ಲಿ ಕರಾವಳಿ ಭದ್ರತಾ ಯೋಜನೆಗೆ ಮಂಜೂರಾತಿ ಸಿಕ್ಕಿತು. ಮೊದಲ ಹಂತದಲ್ಲಿ ದೇಶಕ್ಕೆ 73 ಕರಾವಳಿ ಠಾಣೆ, 204 ದೋಣಿಗಳು.

ಇದೇ ಹೊತ್ತಿಗೆ ಜಗತ್ತಿನ ಬಂದರುಗಳಿಗೆಲ್ಲ ಒಂದೇ ನಿಯಮ ಬಂತು. ಅಮೆರಿಕದ ಮೇಲಿನ 2001ರ ದಾಳಿಯ ಬಳಿಕ ರೂಪಿಸಿದ ಐಎಸ್‌ಪಿಎಸ್ ಸಂಹಿತೆ 2004ರ ಜುಲೈ 1ರಿಂದ ಜಾರಿಯಾಯಿತು. ಬಂದರಿಗೂ ಹಡಗಿಗೂ ಒಬ್ಬೊಬ್ಬ ಭದ್ರತಾ ಅಧಿಕಾರಿ, ಲಿಖಿತ ಭದ್ರತಾ ಯೋಜನೆ, ಅಪಾಯಕ್ಕೆ ತಕ್ಕಂತೆ ಮೂರು ಹಂತದ ಎಚ್ಚರಿಕೆ ಎಂಬುದು ಅದರ ಸಾರ. ಅಂತಾರಾಷ್ಟ್ರೀಯ ಯಾನದ 300 ಟನ್‌ಗೂ ಮೇಲಿನ ಹಡಗುಗಳಲ್ಲಿ ‘ಎಐಎಸ್’ ಎಂಬ ಸ್ವಯಂಚಾಲಿತ ಗುರುತು ಸಾಧನ ಇರಲೇಬೇಕೆಂಬ ನಿಯಮವೂ 2004ರ ಕೊನೆಗೆ ಪೂರ್ಣವಾಗಿ ಜಾರಿಗೆ ಬಂತು.

2008ರ ನವೆಂಬರ್ 26

ಇಷ್ಟಿದ್ದೂ ಹತ್ತು ಮಂದಿ ಭಯೋತ್ಪಾದಕರು ಕರಾಚಿಯಿಂದ ಹೊರಟು, ‘ಕುಬೇರ್’ ಎಂಬ ಗುಜರಾತಿನ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು, ಅದರ ಸಿಬ್ಬಂದಿಯನ್ನು ಕೊಂದು, ರಬ್ಬರ್ ದೋಣಿಯಲ್ಲಿ ಮುಂಬೈಯ ಕೊಲಾಬಾ ದಡಕ್ಕೆ ಇಳಿದರು. ಅವರ ಕೈಯಲ್ಲಿ 166 ಜನ ಪ್ರಾಣ ಕಳೆದುಕೊಂಡರು. ಈ ಪಯಣದಲ್ಲಿ ಗಮನಿಸಬೇಕಾದ ಸಂಗತಿ ಎರಡು. ನೂರಾರು ಮೀನುಗಾರಿಕಾ ಬೋಟ್‌ಗಳ ನಡುವೆ ಕುಬೇರ್ ಸಹ ಒಂದು ಮಾಮೂಲು ಬೋಟಿನಂತೆ ಕಂಡಿತು. ದಡದಲ್ಲಿ ಇಳಿದ ಅಪರಿಚಿತರನ್ನು ಕಂಡು ‘ಯಾರು ನೀವು’ ಎಂದು ಕೇಳಿದವರು ಅಲ್ಲಿನ ಮೀನುಗಾರರೇ. ಆ ಪ್ರಶ್ನೆ ಕೂಡಲೇ ಕಾಯುವವರ ಕಿವಿಗೆ ತಲುಪುವ ದಾರಿ ಇರಲಿಲ್ಲ.

2009ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಣೆಗಳನ್ನು ಸ್ಪಷ್ಟಪಡಿಸಿತು. ಕರಾವಳಿಯೂ ಸೇರಿದಂತೆ ಒಟ್ಟು ಸಾಗರ ಭದ್ರತೆಯ ಹೊಣೆ ನೌಕಾಪಡೆಗೆ ಬಂತು. ಪ್ರಾದೇಶಿಕ ಜಲದಲ್ಲಿ ಕೋಸ್ಟ್ ಗಾರ್ಡ್ ಸಮನ್ವಯ ಮಾಡಬೇಕು. ದಡಕ್ಕೆ ಹತ್ತಿರದ ನೀರನ್ನು ರಾಜ್ಯದ ಕರಾವಳಿ ಪೊಲೀಸರು ಕಾಯಬೇಕು. ಕರ್ನಾಟಕದ ಸುಮಾರು 320 ಕಿಲೋಮೀಟರ್ ತೀರಕ್ಕೆ ಮಲ್ಪೆಯನ್ನು ಕೇಂದ್ರವಾಗಿಟ್ಟುಕೊಂಡು ಕರಾವಳಿ ಕಾವಲು ಪೊಲೀಸ್ ಘಟಕ ಬೆಳೆಯಿತು. ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರ ಹೀಗೆ ಒಂಬತ್ತು ಠಾಣೆಗಳಾದವು. ಗಸ್ತಿಗೆ 5 ಮತ್ತು 12 ಟನ್‌ಗಳ ವೇಗದ ದೋಣಿಗಳು ಬಂದವು.

ಕಣ್ಣುಗಳನ್ನು ಜೋಡಿಸಿದ ಬಗೆ

ಅದರ ಜೊತೆಗೇ ಮೂರು ಬಗೆಯ ಕಣ್ಣುಗಳನ್ನು ಒಂದೇ ಪರದೆಗೆ ತರುವ ಕೆಲಸ ನಡೆಯಿತು. ಮೊದಲನೆಯದು ರೇಡಾರ್. ಮೊದಲ ಹಂತದಲ್ಲಿ ದೇಶದ ತೀರದಲ್ಲೂ ದ್ವೀಪಗಳಲ್ಲೂ ಸೇರಿ 46 ರೇಡಾರ್ ಕೇಂದ್ರಗಳು ಎದ್ದವು. ಕಟ್ಟಿಕೊಟ್ಟದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಹಲವೆಡೆ ದೀಪಸ್ತಂಭಗಳ ಎತ್ತರವನ್ನೇ ಇದಕ್ಕೂ ಬಳಸಿಕೊಳ್ಳಲಾಯಿತು. ಕತ್ತಲೆಯಲ್ಲೂ ಮಂಜಿನಲ್ಲೂ ರೇಡಾರ್ ನೋಡುತ್ತದೆ. ಆದರೆ ಅದು ಕಾಣುವುದು ಒಂದು ಚುಕ್ಕೆಯನ್ನು ಮಾತ್ರ; ಆ ಚುಕ್ಕೆ ಯಾರದೆಂದು ಅದಕ್ಕೆ ತಿಳಿಯದು. ಮರದ ಅಥವಾ ಫೈಬರ್‌ನ ತಗ್ಗು ದೋಣಿ ಮಳೆಗಾಲದ ಅಲೆಗಳ ನಡುವೆ ರೇಡಾರಿಗೂ ಕಳೆದುಹೋಗುತ್ತದೆ.

ಎರಡನೆಯದು ಎಐಎಸ್. ಹಡಗು ತನ್ನ ಹೆಸರು, ಇರುವ ಜಾಗ, ದಿಕ್ಕು, ವೇಗಗಳನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ರೇಡಿಯೋ ಮೂಲಕ ಸಾರುತ್ತಲೇ ಇರುತ್ತದೆ. ದೇಶದ 74 ದೀಪಸ್ತಂಭಗಳಲ್ಲಿ ಇದನ್ನು ಕೇಳಿಸಿಕೊಳ್ಳುವ ಉಪಕರಣ ಕೂರಿಸಲಾಯಿತು. ಇದರ ದೌರ್ಬಲ್ಯವೆಂದರೆ ಸಾಧನವನ್ನು ಆರಿಸಬಹುದು, ಸುಳ್ಳು ಹೆಸರನ್ನೂ ಸಾರಬಹುದು. ಮೂರನೆಯದು ಹಗಲು–ರಾತ್ರಿ ನೋಡಬಲ್ಲ ಕ್ಯಾಮೆರಾ.

ಇವು ಮೂರೂ ಸೇರಿದಾಗ ಕಾವಲಿಗೆ ಬುದ್ಧಿ ಬರುತ್ತದೆ. ರೇಡಾರಿನ ಚುಕ್ಕೆಯ ಮೇಲೆ ಎಐಎಸ್ ಹೆಸರು ಬಂದು ಕೂತರೆ, ಆ ಹೆಸರಿನ ಹಡಗು ಬಂದರಿಗೆ ಮುಂಚಿತವಾಗಿ ಕಳುಹಿಸಿದ ಮಾಹಿತಿಯೊಂದಿಗೆ ಹೊಂದಿದರೆ, ಅದು ಸಹಜ. ಚುಕ್ಕೆಯಿದ್ದು ಹೆಸರಿಲ್ಲದಿದ್ದರೆ, ಹೆಸರು ಒಂದು ಕಡೆ ಚುಕ್ಕೆ ಇನ್ನೊಂದು ಕಡೆ ಇದ್ದರೆ, ಹಡಗು ಕಾರಣವಿಲ್ಲದೆ ನಿಂತರೆ, ನಿಯಂತ್ರಣ ಕೊಠಡಿಯಲ್ಲಿರುವವರು ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಕರೆದು ವಿಚಾರಿಸುತ್ತಾರೆ. ಉತ್ತರ ಬರದಿದ್ದರೆ ದೋಣಿ ಹೊರಡುತ್ತದೆ. 2014ರ ನವೆಂಬರ್ 23ರಂದು ಗುರುಗ್ರಾಮದಲ್ಲಿ ಉದ್ಘಾಟನೆಯಾದ ಮಾಹಿತಿ ಕೇಂದ್ರವು ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನ 51 ಠಾಣೆಗಳ ಮಾಹಿತಿಯನ್ನು ಒಂದೆಡೆ ಸೇರಿಸಿತು.

ಸುವರ್ಣ ತ್ರಿಭುಜ

ಈ ಜಾಲದಲ್ಲಿ ಉಳಿದಿದ್ದ ದೊಡ್ಡ ತೂತು ಸಣ್ಣ ಬೋಟುಗಳದ್ದು. ಅದನ್ನು ಇಡೀ ಕರಾವಳಿ ಕಂಡದ್ದು 2018ರ ಡಿಸೆಂಬರಿನಲ್ಲಿ. ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟು, ಮಹಾರಾಷ್ಟ್ರದ ಮಾಲ್ವಣದ ಬಳಿ ಸಂಪರ್ಕ ಕಳೆದುಕೊಂಡಿತು. ಹಡಗು, ವಿಮಾನಗಳು ಹುಡುಕಿದವು, ವಾರಗಳು ಕಳೆದವು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಬೋಟುಗಳನ್ನು ದಕ್ಕೆಯಲ್ಲಿ ನಿಲ್ಲಿಸಿ ಬೀದಿಗಿಳಿದರು. ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಮಾಲ್ವಣದ ಹೊರಗಿನ ಸಮುದ್ರತಳದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿತು. ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ.

ಮೀನುಗಾರರ ಬೇಡಿಕೆ ಸ್ಪಷ್ಟವಾಗಿತ್ತು: ಗುರುತಿನ ಚೀಟಿ ತೋರಿಸು, ಬೋಟಿಗೆ ನಿಗದಿತ ಬಣ್ಣ ಬಳಿ ಎಂದು ಕೇಳುವ ವ್ಯವಸ್ಥೆ, ಬೋಟಿನ ನಾಯಕನಾದ ತಾಂಡೇಲ ಕಷ್ಟದಲ್ಲಿ ಕೂಗಿದಾಗಲೂ ಕೇಳಿಸಿಕೊಳ್ಳಬೇಕು. ಈ ಮಾತು ನ್ಯಾಯವಾದದ್ದು. ಇಸ್ರೋ ಅಭಿವೃದ್ಧಿಪಡಿಸಿದ ಉಪಗ್ರಹ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿತು. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಇದರಲ್ಲಿ ದಡಕ್ಕೆ ಸಂದೇಶ ಕಳುಹಿಸಬಹುದು. ದಡದಿಂದ ಹವಾಮಾನದ ಎಚ್ಚರಿಕೆಯೂ ಬರುತ್ತದೆ.

ಪರೀಕ್ಷೆಯ ದಿನಗಳು

ವ್ಯವಸ್ಥೆಯನ್ನು ‘ಸಾಗರ ಕವಚ’ ಎಂಬ ಅಣಕು ಕಾರ್ಯಾಚರಣೆಯಲ್ಲಿ ಆಗಾಗ ಒರೆಗೆ ಹಚ್ಚಲಾಗುತ್ತದೆ. ಒಂದು ತಂಡ ನುಸುಳುಕೋರರ ವೇಷದಲ್ಲಿ ದಡ ಸೇರಲು ಯತ್ನಿಸುತ್ತದೆ, ಉಳಿದವರು ಹಿಡಿಯಬೇಕು. ಹಿಡಿದರೆ ಎಲ್ಲಿ, ತಪ್ಪಿಸಿಕೊಂಡರೆ ಯಾವ ಕೊಂಡಿಯಲ್ಲಿ ಎಂಬುದು ಬಳಿಕದ ಚರ್ಚೆ.

ನಿಜವಾದ ಪರೀಕ್ಷೆಗಳನ್ನು ಒಡ್ಡಿದ್ದು ಸಮುದ್ರವೇ. 2021ರ ಮೇನಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ‘ಕೋರಮಂಡಲ್ ಸಪೋರ್ಟರ್’ ಟಗ್ ಕಾಪು ಬಳಿಯ ಬಂಡೆಗಳಿಗೆ ಅಪ್ಪಳಿಸಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಪಾರುಮಾಡಿದವು. 2022ರ ಜೂನ್‌ನಲ್ಲಿ ಉಳ್ಳಾಲದ ಹೊರಗೆ ‘ಪ್ರಿನ್ಸೆಸ್ ಮಿರಾಲ್’ ಹಡಗಿಗೆ ನೀರು ನುಗ್ಗಿದಾಗ ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್ ದಡ ಸೇರಿಸಿತು. 2025ರ ಜೂನ್‌ನಲ್ಲಿ ಕೇರಳದ ಹೊರಗೆ ‘ವಾನ್ ಹೈ 503’ ಕಂಟೇನರ್ ಹಡಗು ಹೊತ್ತಿ ಉರಿದಾಗ ಪಾರಾದ 18 ಮಂದಿಯನ್ನು ಕರೆತಂದದ್ದು ನವ ಮಂಗಳೂರು ಬಂದರಿಗೇ. ಶತ್ರುವಿಗಾಗಿ ಕಟ್ಟಿದ ಜಾಲ ಹೆಚ್ಚು ಬಾರಿ ಉಳಿಸಿದ್ದು ಕಷ್ಟದಲ್ಲಿದ್ದ ನಾವಿಕರನ್ನು.

ಒಳನಾಡಿಗೆ ಇದರ ಸಂಬಂಧ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಸಮುದ್ರ ದೂರವಿರಬಹುದು, ಬಂದರು ದೂರವಿಲ್ಲ. ಪಣಂಬೂರಿನಲ್ಲಿ ಇಳಿದ ಕಚ್ಚಾ ತೈಲ ಎಂಆರ್‌ಪಿಎಲ್‌ನಲ್ಲಿ ಪೆಟ್ರೋಲ್, ಡೀಸೆಲ್ ಆಗಿ, ಹಾಸನದ ಮೇಲಿನಿಂದ ಸುಮಾರು 360 ಕಿಲೋಮೀಟರ್ ಕೊಳವೆಯಲ್ಲಿ ಹರಿದು, ಮಾಲೂರಿನ ರೈಲು ಮಾರ್ಗದಲ್ಲೇ ಇರುವ ದೇವನಗೊಂದಿಯ ಡಿಪೋ ತಲುಪುತ್ತದೆ. ಬಂಟ್ವಾಳದಲ್ಲಿ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲುಗಳ ಮೂಲಕವೇ ವೆಲ್ಲೂರಿಗೆ ಹೋಗುತ್ತದೆ. ಪಣಂಬೂರಿನ ಕಾಲುವೆ ಕೆಲವು ವಾರ ಮುಚ್ಚಿದರೆ ಶ್ರೀನಿವಾಸಪುರದ ಮಾವಿನ ಲಾರಿಗೂ ಅದರ ಬಿಸಿ ತಟ್ಟುತ್ತದೆ. 1768ರಲ್ಲಿ ಮಂಗಳೂರಿನ ಸೋಲು ಮುಳಬಾಗಿಲಿಗೆ ಮುಟ್ಟಿದ್ದು ಸೈನ್ಯದ ದಾರಿಯಲ್ಲಿ. ಇಂದು ಮುಟ್ಟುವುದು ಕೊಳವೆ ಮತ್ತು ಹೆದ್ದಾರಿಯ ದಾರಿಯಲ್ಲಿ.

ಎರಡೂವರೆ ಶತಮಾನಗಳ ಈ ಚರಿತ್ರೆಯ ತೀರ್ಪು ಒಂದೇ. ಬಂದರು ಕೈತಪ್ಪಿದ್ದು, ದಡ ಅಪಾಯಕ್ಕೀಡಾದದ್ದು ಉಪಕರಣ ಇಲ್ಲದ್ದರಿಂದ ಮಾತ್ರವಲ್ಲ. ಕಂಡವರ ಮಾತು ಕಾಯುವವರಿಗೆ ತಲುಪದೆ ಹೋದದ್ದರಿಂದಲೂ. ರೇಡಾರ್ ಕಾಣದ್ದನ್ನು ಮೀನುಗಾರ ಕಾಣುತ್ತಾನೆ. ಅವನ ನಂಬಿಕೆ ಗಳಿಸುವುದು ಸರ್ಕಾರದ ಕರ್ತವ್ಯ. ಕಂಡದ್ದನ್ನು ಹೇಳುವುದು ದಡದಲ್ಲಿರುವ ಪ್ರತಿಯೊಬ್ಬರ ಕರ್ತವ್ಯ. ಕರಾವಳಿಗೆ ಪ್ರವಾಸ ಹೋದವರಿಗೂ ಇದು ಅನ್ವಯಿಸುತ್ತದೆ. ಅನುಮಾನದ ದೋಣಿ ಕಂಡರೆ ಕರಾವಳಿ ಪೊಲೀಸರ ಸಂಖ್ಯೆ 1093. ಸಮುದ್ರದಲ್ಲಿ ಯಾರಾದರೂ ಅಪಾಯದಲ್ಲಿದ್ದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554.